ಮೂರು ಸಾವಿರ ಮಿಲಿಮೀಟರ್ ಜೂಮ್ ಮತ್ತು ಕಾರವಾರದ ಕಡಲತೀರ: ನಿಕಾನ್ ಪಿ1000 ವಿಮರ್ಶೆ

ನಿಕಾನ್ ಕೂಲ್‌ಪಿಕ್ಸ್ ಪಿ1000 ಮಾರುಕಟ್ಟೆಗೆ ಬಂದದ್ದು 2018ರಲ್ಲಿ. ಅಂದಿನಿಂದ ಇಂದಿನವರೆಗೂ ನಮ್ಮ ಕರಾವಳಿಯ ಹವ್ಯಾಸಿ ಛಾಯಾಗ್ರಾಹಕರಲ್ಲಿ, ಅದರಲ್ಲೂ ಹಕ್ಕಿಗಳ ಹಿಂದೆ ಬಿದ್ದವರಲ್ಲಿ, ಈ ಕ್ಯಾಮೆರಾದ ಮೋಹ ಕಡಿಮೆಯಾಗಿಲ್ಲ. ಲೆನ್ಸ್ ಬದಲಿಸುವ ಗೋಜಿಲ್ಲದೆ 24 ಮಿ.ಮೀ.ನಿಂದ 3000 ಮಿ.ಮೀ.ವರೆಗೆ, ಅಂದರೆ 125 ಪಟ್ಟು ಆಪ್ಟಿಕಲ್ ಜೂಮ್ ಕೊಡುವ ಯಂತ್ರವೊಂದು ಸಿಗುವಾಗ, ಲಕ್ಷಗಟ್ಟಲೆ ರೂಪಾಯಿಯ ಟೆಲಿಫೋಟೊ ಲೆನ್ಸ್ ಕೊಳ್ಳಲಾರದ ಶಿಕ್ಷಕರು, ಬ್ಯಾಂಕ್ ನೌಕರರು, ಕಾಲೇಜು ಹುಡುಗರು ಅದರತ್ತ ನೋಡುವುದು ಸಹಜ. ಆದರೆ ಕಾರವಾರದಲ್ಲಿ ಇದ್ದುಕೊಂಡು ಇದನ್ನು ಕೊಳ್ಳುವವರು ಚಿತ್ರದ ಗುಣಮಟ್ಟ, ತೂಕ, ಬ್ಯಾಟರಿಗಳ ಜೊತೆಗೆ ಇನ್ನೂ ಒಂದನ್ನು ವಿಚಾರಿಸಿಕೊಳ್ಳಬೇಕಾಗುತ್ತದೆ. ಇದನ್ನು ಹಿಡಿದು ಎಲ್ಲಿ ನಿಲ್ಲಬಹುದು, ಯಾವ ದಿಕ್ಕಿಗೆ ತಿರುಗಿಸಬಹುದು, ಪೊಲೀಸರು ಬಂದು ಕೇಳಿದರೆ ಏನು ಹೇಳಬೇಕು? ಬೇರೆ ಊರುಗಳಲ್ಲಿ ಬರೆದ ವಿಮರ್ಶೆಗಳಲ್ಲಿ ಇದಕ್ಕೆ ಉತ್ತರ ಸಿಗುವುದಿಲ್ಲವಾದ್ದರಿಂದ, ಇಲ್ಲಿ ಎರಡನ್ನೂ ಒಟ್ಟಿಗೇ ನೋಡುತ್ತೇನೆ.

ಮೊದಲು ಯಂತ್ರದ ಮಾತು. ಬ್ಯಾಟರಿ, ಕಾರ್ಡ್ ಸೇರಿ 1,415 ಗ್ರಾಂ ತೂಗುವ ಈ ಕ್ಯಾಮೆರಾವನ್ನು ಅರ್ಧ ಗಂಟೆ ಕೈಯಲ್ಲಿ ಹಿಡಿದರೆ ಮಣಿಕಟ್ಟು ಸೋಲುತ್ತದೆ. ಜೂಮ್ ಪೂರ್ತಿ ಚಾಚಿದಾಗ ಲೆನ್ಸಿನ ಕೊಳವೆ ಮುಂದಕ್ಕೆ ಬಹಳ ಉದ್ದವಾಗಿ ಬರುವುದರಿಂದ ಭಾರವೆಲ್ಲ ಮುಂದೆ ವಾಲುತ್ತದೆ; ಮೊನೊಪಾಡ್ (ಒಂಟಿಕಾಲಿನ ಊರೆಗೋಲು) ಇಲ್ಲದೆ ಗಾಳಿಯ ದಿನ ಕಡಲತೀರದಲ್ಲಿ ಕೆಲಸ ಮಾಡುವುದು ಕಷ್ಟ. ಕೈನಡುಕವನ್ನು ತಡೆಯುವ ವ್ಯವಸ್ಥೆ ಮೆಚ್ಚತಕ್ಕದ್ದು. ಅದಿಲ್ಲದಿದ್ದರೆ ಇಷ್ಟು ಜೂಮ್ ಇದ್ದೂ ಉಪಯೋಗವಿರುತ್ತಿರಲಿಲ್ಲ. 3000 ಮಿ.ಮೀ.ನಲ್ಲಿ ಹಾರುವ ಹಕ್ಕಿಯನ್ನು ಹುಡುಕುವುದೆಂದರೆ ಪಪ್ಪಾಯಿ ಎಲೆಯ ದಂಟಿನ ತೂತಿನಲ್ಲಿ ಆಕಾಶ ನೋಡಿದಂತೆ. ಆಗ ಕೊಳವೆಯ ಪಕ್ಕದಲ್ಲಿರುವ ಒಂದು ಗುಂಡಿ ನೆರವಿಗೆ ಬರುತ್ತದೆ: ಅದನ್ನು ಒತ್ತಿ ಹಿಡಿದರೆ ಜೂಮ್ ತಾತ್ಕಾಲಿಕವಾಗಿ ಹಿಂದೆ ಸರಿದು ಸುತ್ತಲಿನ ದೃಶ್ಯ ಕಾಣುತ್ತದೆ, ಬಿಟ್ಟರೆ ಮತ್ತೆ ಮೊದಲಿನ ಜಾಗಕ್ಕೆ ಹೋಗುತ್ತದೆ. ಇದನ್ನು ಬೆರಳಿಗೆ ರೂಢಿ ಮಾಡಿಕೊಂಡ ಮೇಲೆಯೇ ಈ ಕ್ಯಾಮೆರಾ ನಿಜವಾಗಿ ನಮ್ಮದಾಗುವುದು.

ಚಿತ್ರದ ಗುಣಮಟ್ಟದ ಬಗ್ಗೆ ಉತ್ಪ್ರೇಕ್ಷೆ ಬೇಡ. ಒಳಗಿರುವುದು ಸಣ್ಣ ಸೆನ್ಸರ್ (ಬೆಳಕನ್ನು ಚಿತ್ರವಾಗಿಸುವ ಫಲಕ), 16 ಮೆಗಾಪಿಕ್ಸೆಲ್. ಜೂಮ್‌ನ ಕೊನೆಯಲ್ಲಿ ಅಪರ್ಚರ್, ಅಂದರೆ ಲೆನ್ಸಿನೊಳಗೆ ಬೆಳಕು ಬರುವ ಕಿಂಡಿ, ಎಫ್ 8ಕ್ಕೆ ಕಿರಿದಾಗುತ್ತದೆ. ಆದ್ದರಿಂದ ಬೆಳಕು ಕಡಿಮೆಯಾದೊಡನೆ ಐಎಸ್‌ಒ (ಸೆನ್ಸರಿನ ಬೆಳಕಿನ ಸಂವೇದನೆ) ಏರಿ, ಗರಿಗಳ ನವಿರು ಕಲಸಿಹೋಗುತ್ತದೆ. ಅದಕ್ಕಿಂತ ದೊಡ್ಡ ಅಡ್ಡಿ ನಮ್ಮ ಗಾಳಿ. ಬಿಸಿಲೇರಿದ ಮೇಲೆ ಮರಳಿನಿಂದಲೂ ನೀರಿನಿಂದಲೂ ಏಳುವ ಝಳ ದೂರದ ಎಲ್ಲವನ್ನೂ ಕುಣಿಸುತ್ತದೆ. ಎಂಥ ದುಬಾರಿ ಲೆನ್ಸ್ ತಂದರೂ ಅದಕ್ಕೆ ಮದ್ದಿಲ್ಲ. ಚಳಿಗಾಲದ ಬೆಳಗಿನ ಹೊತ್ತು, ಸುಮಾರು 1500ರಿಂದ 2000 ಮಿ.ಮೀ. ಒಳಗೆ, ಕಡಲಹಕ್ಕಿಗಳ ಹಿಂಡು ದಡಕ್ಕೆ ಎಳೆಯುವ ರಂಪಣಿ ಬಲೆಯ ಸುತ್ತ ಮುಗಿಬೀಳುವಾಗ ತೆಗೆದ ಚಿತ್ರಗಳು ಮಾತ್ರ ಬಹಳ ತೃಪ್ತಿ ಕೊಡುತ್ತವೆ. ಚಂದ್ರನ ಕುಳಿಗಳಂತೂ ಕೈಗೆಟುಕುವಷ್ಟು ಹತ್ತಿರ ಕಾಣುತ್ತವೆ, ಗುರುಗ್ರಹದ ದೊಡ್ಡ ಉಪಗ್ರಹಗಳು ಚುಕ್ಕಿಗಳಾಗಿ ದಾಖಲಾಗುತ್ತವೆ. ಕಂಪನಿ ಹೇಳುವ ಲೆಕ್ಕದಲ್ಲಿ ಒಂದು ಚಾರ್ಜಿಗೆ ಸುಮಾರು 250 ಚಿತ್ರ, ಆದ್ದರಿಂದ ಇನ್ನೊಂದು ಬ್ಯಾಟರಿ ಇಟ್ಟುಕೊಳ್ಳಲೇಬೇಕು. ನೀರು, ಧೂಳು ತಡೆಯುವ ರಕ್ಷಣೆ ಇದಕ್ಕಿಲ್ಲ. ಮಳೆಗಾಲದಲ್ಲಿ ಇದನ್ನು ಕಡಲತೀರಕ್ಕೆ ಒಯ್ಯದಿರುವುದೇ ಲೇಸು, ಬೇಸಿಗೆಯಲ್ಲೂ ಮನೆಗೆ ಬಂದೊಡನೆ ಉಪ್ಪಿನ ಹನಿಗಳನ್ನು ಒರೆಸಬೇಕು.

ಈಗ ಕಾರವಾರದ ಮಾತು. ರವೀಂದ್ರನಾಥ ಟಾಗೋರ್ ಕಡಲತೀರದಲ್ಲಿ ನಿಂತರೆ ಪಶ್ಚಿಮಕ್ಕೆ ಕೂರ್ಮಗಡ, ದೀಪಸ್ತಂಭವಿರುವ ದೇವಗಡ ದ್ವೀಪ, ಉತ್ತರಕ್ಕೆ ಕಾಳಿ ನದಿ ಸಮುದ್ರ ಸೇರುವ ಕೋಡಿಬಾಗ, ಅದರಾಚೆ ಸದಾಶಿವಗಡದ ಗುಡ್ಡ. ದಕ್ಷಿಣಕ್ಕೆ ಬೈತಖೋಲದ ಬಂದರು, ಅದರ ಬೆನ್ನಿಗಿರುವ ಗುಡ್ಡ. ಆ ಗುಡ್ಡ ದಾಟಿ ಬಿಣಗಾ, ಅರ್ಗಾ ಎಂದು ಮುಂದೆ ಹೋದರೆ ಸೀಬರ್ಡ್ ಯೋಜನೆಯ ನೌಕಾನೆಲೆ. 1986ರಲ್ಲಿ ಶಂಕುಸ್ಥಾಪನೆಯಾಗಿ, 2005ರ ಮೇ ತಿಂಗಳಲ್ಲಿ ಐಎನ್‌ಎಸ್ ಕದಂಬ ಎಂಬ ಹೆಸರಿನಿಂದ ಕಾರ್ಯಾರಂಭ ಮಾಡಿದ ಈ ನೆಲೆಯ ಪಕ್ಕದಲ್ಲಿಯೇ ರಾಷ್ಟ್ರೀಯ ಹೆದ್ದಾರಿ 66 ಹಾದುಹೋಗುತ್ತದೆ. ಅಂಜುದೀವ ದ್ವೀಪವೂ ನೌಕಾಪಡೆಯ ವಶದಲ್ಲಿದೆ. ಇತ್ತ ಘಟ್ಟದ ಬದಿಗೆ ತಿರುಗಿದರೆ ಕೈಗಾ ಅಣುಸ್ಥಾವರ. ಹೀಗೆ ಒಂದು ತಾಲ್ಲೂಕಿನೊಳಗೆ ದೇಶದ ಎರಡು ಅತಿ ಸೂಕ್ಷ್ಮ ಸ್ಥಾವರಗಳನ್ನು ಇಟ್ಟುಕೊಂಡಿರುವ ಊರು ನಮ್ಮದು. ಅದೇ ಊರಿನ ಕಡಲತೀರದಲ್ಲಿ ನಿವೃತ್ತ ಕ್ಷಿಪಣಿ ನೌಕೆ ಐಎನ್‌ಎಸ್ ಚಾಪೆಲ್ ವಸ್ತುಸಂಗ್ರಹಾಲಯವಾಗಿ ನಿಂತಿದೆ, ಅದರ ಮುಂದೆ ಮಕ್ಕಳನ್ನು ನಿಲ್ಲಿಸಿ ಫೋಟೊ ತೆಗೆಸಿಕೊಳ್ಳದ ಪ್ರವಾಸಿಗರು ವಿರಳ. ಇಲ್ಲಿ ಯುದ್ಧನೌಕೆಯ ಚಿತ್ರ ನೆನಪಿನ ಕಾಣಿಕೆ; ಗುಡ್ಡದಾಚೆ ಹೋದರೆ ಅಂಥದೇ ಚಿತ್ರ ಗಂಭೀರ ಅಪರಾಧದ ಸಾಕ್ಷ್ಯವಾಗಬಹುದು. ಹೊರಗಿನಿಂದ ಬಂದವರಿಗೆ ಈ ಎರಡರ ನಡುವಿನ ಗಡಿ ಎಲ್ಲಿದೆ ಎಂಬುದು ಸುಲಭವಾಗಿ ಗೊತ್ತಾಗುವುದಿಲ್ಲ.

ಕಾನೂನು ಏನು ಹೇಳುತ್ತದೆ ಎಂಬುದನ್ನು ಸ್ವಲ್ಪ ನಿಧಾನವಾಗಿ ನೋಡಬೇಕು, ಏಕೆಂದರೆ ಹೆಚ್ಚಿನ ಜಗಳಗಳು ಇದನ್ನು ಯಾರೂ ಓದದೆ ಇರುವುದರಿಂದಲೇ ಹುಟ್ಟುತ್ತವೆ. ಸಾರ್ವಜನಿಕ ಸ್ಥಳದಲ್ಲಿ ಚಿತ್ರ ತೆಗೆಯುವುದನ್ನು ಸಾರಾಸಗಟಾಗಿ ನಿಷೇಧಿಸುವ ಕಾಯ್ದೆ ನಮ್ಮ ದೇಶದಲ್ಲಿಲ್ಲ. ಸಂವಿಧಾನದ 19ನೇ ವಿಧಿ ಅಭಿವ್ಯಕ್ತಿ ಸ್ವಾತಂತ್ರ್ಯ ಕೊಟ್ಟು, ಅದೇ ವಿಧಿಯ ಎರಡನೇ ಉಪವಿಧಿಯಲ್ಲಿ ದೇಶದ ಭದ್ರತೆಯ ಹಿತಕ್ಕಾಗಿ ಸಮಂಜಸವಾದ ನಿರ್ಬಂಧಗಳಿಗೆ ಅವಕಾಶ ಇಟ್ಟಿದೆ. ಆ ನಿರ್ಬಂಧಗಳಲ್ಲಿ ನಮಗೆ ಮುಖ್ಯವಾದದ್ದು 1923ರ ಅಧಿಕೃತ ರಹಸ್ಯಗಳ ಕಾಯ್ದೆ. ಈ ಕಾಯ್ದೆ ನಕ್ಷೆ ಎಂದು ತಡೆಯುವುದರಲ್ಲಿ ಫೋಟೊ ಕೂಡ ಸೇರುತ್ತದೆ. ನಿಷೇಧಿತ ಸ್ಥಳವೆಂದರೆ ನೌಕಾನೆಲೆ ಮಾತ್ರ ಎಂದುಕೊಳ್ಳಬಾರದು, ಸರ್ಕಾರದ ವಶದಲ್ಲಿರುವ ಹಡಗೂ ನಿಷೇಧಿತ ಸ್ಥಳವೇ. ಅಂದರೆ ನಾವು ಸಾರ್ವಜನಿಕ ಮರಳಿನ ಮೇಲೆ ನಿಂತಿದ್ದರೂ ಲೆನ್ಸ್ ತಿರುಗಿದ್ದು ಲಂಗರು ಹಾಕಿದ ಯುದ್ಧನೌಕೆಯ ಕಡೆಗಾದರೆ ಕಾಯ್ದೆಯ ಮಾತು ಬರುತ್ತದೆ. ದೇಶದ ಸುರಕ್ಷತೆಗೆ ಧಕ್ಕೆ ತರುವ ಉದ್ದೇಶ ಇರಬೇಕು ಎಂಬುದು ಅಪರಾಧದ ತಿರುಳು. ಆದರೆ ಆ ಉದ್ದೇಶವನ್ನು ಸಂದರ್ಭ ಮತ್ತು ನಡತೆಗಳಿಂದ ಊಹಿಸಲು ಮೂರನೇ ಕಲಂ ಅವಕಾಶ ಕೊಡುತ್ತದೆ. ನೌಕಾಪಡೆಗೆ ಸಂಬಂಧಿಸಿದ ವಿಷಯವಾದರೆ ಶಿಕ್ಷೆ 14 ವರ್ಷಗಳವರೆಗೆ ಹೋಗಬಹುದು. ಇದು ಹುಡುಗಾಟದ ಮಾತಲ್ಲ.

ಅದೇ ಕಾಯ್ದೆಯ ಇನ್ನೊಂದು ಮುಖವನ್ನೂ ಹೇಳಬೇಕು. ರಸ್ತೆ, ರೈಲುಮಾರ್ಗ, ಜಲಮಾರ್ಗಗಳು ತಾವಾಗಿಯೇ ನಿಷೇಧಿತ ಸ್ಥಳಗಳಾಗುವುದಿಲ್ಲ. ಹಾಗಾಗಲು ಕೇಂದ್ರ ಸರ್ಕಾರ ಅಧಿಸೂಚನೆ ಹೊರಡಿಸಬೇಕು. ಪೊಲೀಸ್ ಠಾಣೆಯೇ ಈ ಕಾಯ್ದೆಯ ಅರ್ಥದಲ್ಲಿ ನಿಷೇಧಿತ ಸ್ಥಳವಲ್ಲ ಎಂದು ಬಾಂಬೆ ಹೈಕೋರ್ಟಿನ ನಾಗಪುರ ಪೀಠ 2022ರಲ್ಲಿ ಹೇಳಿದೆ. 2024ರ ಆಗಸ್ಟ್ 7ರ ನಡುರಾತ್ರಿ ಕಾಳಿ ನದಿಯ ಹಳೆಯ ಸೇತುವೆ ಕುಸಿದುಬಿದ್ದಾಗ ಊರಿನವರು ತೆಗೆದ ಚಿತ್ರಗಳೇ ಆ ದುರಂತದ ಮೊದಲ ದಾಖಲೆಗಳಲ್ಲಿ ಸೇರಿದವು. ಸೇತುವೆ, ಬಂದರು, ರಸ್ತೆಗಳ ಸ್ಥಿತಿಯನ್ನು ಜನ ನೋಡುವುದೂ ದಾಖಲಿಸುವುದೂ ಊರಿನ ಹಿತಕ್ಕೇ ಆಗಿದೆ. ಭದ್ರತೆಯ ಹೆಸರಿನಲ್ಲಿ ಕ್ಯಾಮೆರಾ ಕಂಡಲ್ಲೆಲ್ಲ ತಡೆದರೆ ಕಳೆದುಹೋಗುವುದು ಇಂಥ ದಾಖಲೆಗಳು.

ಪೊಲೀಸರ ಆತಂಕ ಆಧಾರವಿಲ್ಲದ್ದು ಎಂದು ಹೇಳುವವರೊಂದಿಗೆ ನನ್ನ ಸಹಮತವಿಲ್ಲ. 2008ರಲ್ಲಿ ಮುಂಬೈ ಮೇಲೆ ದಾಳಿ ಮಾಡಿದವರು ಬಂದದ್ದು ಸಮುದ್ರದ ದಾರಿಯಲ್ಲಿ; ಕರಾವಳಿ ಕಾವಲು ಪೊಲೀಸರ ಕೆಲಸದ ಭಾರ ಹೆಚ್ಚಿದ್ದು ಆ ಮೇಲೆಯೇ. 2025ರ ಫೆಬ್ರವರಿಯಲ್ಲಿ ನಮ್ಮ ಜಿಲ್ಲೆಯವರನ್ನೇ, ನೌಕಾನೆಲೆಯ ಮಾಹಿತಿಯನ್ನು ಹೊರದೇಶದವರಿಗೆ ಕೊಟ್ಟ ಆರೋಪದ ಮೇಲೆ, ರಾಷ್ಟ್ರೀಯ ತನಿಖಾ ದಳ ಬಂಧಿಸಿತು. ಅದೇ ವರ್ಷದ ಡಿಸೆಂಬರಿನಲ್ಲಿ ಚೀನಾದ ಸಂಶೋಧನಾ ಸಂಸ್ಥೆಯೊಂದರ ಜಿಪಿಎಸ್ ಸಾಧನ ಬೆನ್ನಿಗಿದ್ದ ಕಡಲಹಕ್ಕಿಯೊಂದು ಕಾರವಾರದ ತೀರದಲ್ಲಿ ಸಿಕ್ಕಾಗ ಊರಿಗೆ ಊರೇ ಗೂಢಚರ್ಯೆಯ ಮಾತಾಡಿತು. ವಲಸೆಯ ಅಧ್ಯಯನಕ್ಕಾಗಿ ಹಕ್ಕಿಗಳಿಗೆ ಇಂಥ ಸಾಧನ ಕಟ್ಟುವುದು ಪಕ್ಷಿತಜ್ಞರಿಗೆ ಹೊಸದಲ್ಲ. ಆದರೂ ಹಕ್ಕಿಯ ಬೆನ್ನಿನ ಪೆಟ್ಟಿಗೆಯನ್ನೇ ಪರಿಶೀಲಿಸಬೇಕಾದ ಊರಿನಲ್ಲಿ, ಮೊಣಕೈಯುದ್ದದ ಲೆನ್ಸ್ ಹಿಡಿದ ಅಪರಿಚಿತನನ್ನು ಗಸ್ತಿನ ಪೊಲೀಸರು ಕೇಳದೆ ಬಿಟ್ಟರೆ ಅದು ಅವರ ಕರ್ತವ್ಯಲೋಪವೇ ಸರಿ.

ಕೇಳುವುದು ಹೇಗೆ ಎಂಬುದರಲ್ಲಿ ಎಲ್ಲವೂ ಇದೆ. ಕೋಡಿಬಾಗದ ಅಳಿವೆಯ ಹತ್ತಿರ ಒಂದು ಬೆಳಿಗ್ಗೆ ಬಿಳಿ ಹೊಟ್ಟೆಯ ಕಡಲಹದ್ದೊಂದು ಗಾಳಿಮರದ ಮೇಲೆ ಕೂತು ಮೀನು ಹರಿಯುತ್ತಿದ್ದಾಗ, ಮೊನೊಪಾಡ್ ನೆಟ್ಟು ಅದರ ಚಿತ್ರ ತೆಗೆಯುತ್ತಿದ್ದೆ. ಬೈಕಿನಲ್ಲಿ ಬಂದ ಇಬ್ಬರು ಪೊಲೀಸರಲ್ಲಿ ಹಿರಿಯರು ಇಳಿದು, “ಎಂತ ತೆಗೀತಾ ಇದ್ರಿ ಸರ್? ಎಲ್ಲಿಯವರು?” ಎಂದರು. ಹಕ್ಕಿ ತೋರಿಸಿದೆ, ಗುರುತಿನ ಚೀಟಿ ಕೊಟ್ಟೆ, ಆ ಬೆಳಗಿನ ಚಿತ್ರಗಳನ್ನು ಕ್ಯಾಮೆರಾದ ಪರದೆಯಲ್ಲಿ ನಾನಾಗಿಯೇ ಒಂದೊಂದಾಗಿ ಸರಿಸುತ್ತ ಹೋದೆ. ಅವರ ಮುಂದಿನ ಪ್ರಶ್ನೆ ನನಗೆ ಬಹಳ ಸರಿಯಾದದ್ದೆನಿಸಿತು: “ಇದ್ರಲ್ಲಿ ಎಷ್ಟು ದೂರ ಕಾಣ್ತದೆ?” ಕ್ಯಾಮೆರಾವನ್ನು ದೇವಗಡದ ದೀಪಸ್ತಂಭದತ್ತ ತಿರುಗಿಸಿ ಅವರ ಕಣ್ಣಿಗೆ ಹಿಡಿದೆ. ಬಹಳ ಹೊತ್ತು ನೋಡಿದರು. ಹೆಸರು, ಫೋನ್ ನಂಬರು ಪುಸ್ತಕದಲ್ಲಿ ಬರೆದುಕೊಂಡು, “ಈ ಬದಿ ಅಡ್ಡಿಲ್ಲ ಸರ್. ಬೈತಖೋಲದ ಆಚೆ ಹೋಗಿ ಇದನ್ನ ತೆಗೀಬೇಡಿ” ಎಂದು ಹೇಳಿ ಹೋದರು. ಕ್ಯಾಮೆರಾಕ್ಕೂ ಕಾರ್ಡಿಗೂ ಅವರು ಕೈ ಹಾಕಲಿಲ್ಲ. ಸ್ಥಳ ಯಾವುದು, ಏನು ತೆಗೆಯುತ್ತಿದ್ದೀರಿ, ಯಂತ್ರದ ಶಕ್ತಿ ಎಷ್ಟು ಎಂಬ ಮೂರನ್ನು ಕೇಳಿ ತಿಳಿದು, ನನಗೆ ಗಡಿಯನ್ನೂ ಹೇಳಿದ ಆ ಅಧಿಕಾರಿಯ ರೀತಿ ಜಿಲ್ಲೆಯಲ್ಲೆಲ್ಲ ರೂಢಿಯಾಗಬೇಕೆಂದು ನನ್ನ ಆಸೆ.

ಎಲ್ಲ ಕಡೆ ಹೀಗಾಗುವುದಿಲ್ಲ. ನನಗೆ ಗೊತ್ತಿರುವ ಕಾಲೇಜು ಹುಡುಗನೊಬ್ಬ ಕರಾವಳಿಯ ಬೇರೊಂದು ಕಡೆ ದೋಣಿಗಳ ಚಿತ್ರ ತೆಗೆಯುವಾಗ, ಪೊಲೀಸರು ಕಾರಣ ಕೇಳುವ ಮೊದಲೇ ಇಡೀ ಕಾರ್ಡನ್ನು ಅಳಿಸಿಹಾಕಿಸಿದರು. ಅದರಲ್ಲಿ ಅವನ ಮನೆಯ ಮದುವೆಯ ಚಿತ್ರಗಳೂ ಇದ್ದವು. 2024ರ ಜುಲೈ 1ರಿಂದ ಜಾರಿಯಲ್ಲಿರುವ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 106ನೇ ಕಲಂ, ಅಪರಾಧದ ಅನುಮಾನ ಹುಟ್ಟಿಸುವ ಸಂದರ್ಭದಲ್ಲಿ ಸಿಕ್ಕ ವಸ್ತುವನ್ನು ವಶಪಡಿಸಿಕೊಳ್ಳುವ ಅಧಿಕಾರವನ್ನು ಪೊಲೀಸರಿಗೆ ಕೊಟ್ಟಿದೆ, ಹಾಗೆ ವಶಪಡಿಸಿಕೊಂಡದ್ದನ್ನು ಮ್ಯಾಜಿಸ್ಟ್ರೇಟರಿಗೆ ವರದಿ ಮಾಡಬೇಕೆಂದೂ ಹೇಳಿದೆ. 105ನೇ ಕಲಂ ಪ್ರಕಾರ ಶೋಧ ಮತ್ತು ಜಪ್ತಿಯನ್ನು ಧ್ವನಿ–ದೃಶ್ಯ ಸಹಿತ ಚಿತ್ರೀಕರಿಸಬೇಕು. ನಿಂತಲ್ಲಿಯೇ ಚಿತ್ರ ಅಳಿಸು ಎನ್ನುವ ಕ್ರಮಕ್ಕೆ ಈ ಕಲಂಗಳಲ್ಲಿ ಎಡೆಯಿಲ್ಲ. ಭದ್ರತೆಯ ದೃಷ್ಟಿಯಿಂದ ನೋಡಿದರೂ ಅದು ತಪ್ಪು ದಾರಿ: ಚಿತ್ರ ನಿಜವಾಗಿಯೂ ಅಪಾಯಕಾರಿಯಾಗಿದ್ದರೆ ಅಳಿಸುವುದೆಂದರೆ ಸಾಕ್ಷ್ಯವನ್ನೇ ನಾಶಮಾಡಿದಂತೆ, ನಿರಪಾಯಕಾರಿಯಾಗಿದ್ದರೆ ಅಳಿಸಲು ಕಾರಣವೇ ಇಲ್ಲ. ಮೇಲಾಗಿ, ಅಳಿಸಿದ ಚಿತ್ರಗಳನ್ನು ಮರಳಿ ತೆಗೆಯುವ ಸಾಫ್ಟ್‌ವೇರ್ ಎಲ್ಲರಿಗೂ ಸಿಗುವಂಥದ್ದು. ಬೇಹುಗಾರನಿಗೆ ಇದರಿಂದ ನಷ್ಟವಾಗುವುದಿಲ್ಲ, ನಷ್ಟ ಮದುವೆಯ ಚಿತ್ರ ಕಳೆದುಕೊಂಡವನಿಗೆ.

ನಮ್ಮ ಕಡೆಯ ಹೊಣೆಯೂ ಇದೆ, ಅದರಲ್ಲಿ ಹಲವನ್ನು ಈ ಕ್ಯಾಮೆರಾದಲ್ಲಿಯೇ ನಿಭಾಯಿಸಬಹುದು. ಪಿ1000 ಒಳಗೆ ಸ್ವಂತ ಜಿಪಿಎಸ್ ಇಲ್ಲ, ಆದರೆ ಫೋನಿನ ಆ್ಯಪ್ ಜೊತೆ ಜೋಡಿಸಿದಾಗ ತೆಗೆದ ಸ್ಥಳದ ಮಾಹಿತಿ ಚಿತ್ರದೊಳಗೆ ಸೇರಿಕೊಳ್ಳಬಲ್ಲದು. ಕಾರವಾರದ ಸುತ್ತ ಆ ಆಯ್ಕೆಯನ್ನು ನಿಲ್ಲಿಸಿಡುವುದು ಒಳ್ಳೆಯದು. ಕ್ಯಾಮೆರಾದ ದಿನಾಂಕ, ಸಮಯಗಳನ್ನು ಮಾತ್ರ ಸರಿಯಾಗಿ ಇಡಬೇಕು, ಏಕೆಂದರೆ ನಾವು ಯಾವಾಗ ಏನು ತೆಗೆಯುತ್ತಿದ್ದೆವು ಎಂಬುದಕ್ಕೆ ನಮ್ಮ ಪರವಾಗಿ ನಿಲ್ಲುವ ಸಾಕ್ಷಿ ಅದೇ. ಹಕ್ಕಿಯ ಹಿಂದೆ ಬೂದು ಬಣ್ಣದ ಹಡಗು ಸರಿದುಹೋಗುತ್ತಿದ್ದರೆ ಕೋನ ಬದಲಿಸಬೇಕು, ಸಾಧ್ಯವಾಗದಿದ್ದರೆ ಆ ಚಿತ್ರದ ಆಸೆ ಬಿಡಬೇಕು. ಅಂಥ ಚಿತ್ರ ಅರಿಯದೆ ಬಂದಿದ್ದರೂ ಅದನ್ನು ಫೇಸ್‌ಬುಕ್ಕಿಗೋ ಇನ್‌ಸ್ಟಾಗ್ರಾಮಿಗೋ ಹಾಕುವ ಹಾಗಿಲ್ಲ. ಬಿಣಗಾದಿಂದ ಅಮದಳ್ಳಿಯತ್ತ ಹೆದ್ದಾರಿಯಲ್ಲಿ ಗಾಡಿ ನಿಲ್ಲಿಸಿ ಕ್ಯಾಮೆರಾ ತೆಗೆಯುವ ಆಲೋಚನೆಯನ್ನೇ ಮಾಡಬಾರದು. ಪೊಲೀಸರು ಮಾತಾಡಿಸಿದಾಗ ಸಂವಿಧಾನದ ವಿಧಿಗಳಿಂದ ಮಾತು ಶುರು ಮಾಡುವುದೂ ಬೇಡ: ಅವರ ಕಾನೂನುಬದ್ಧ ಸೂಚನೆಗಳನ್ನು ಪಾಲಿಸಬೇಕೆಂದು ನಾಗರಿಕ ಸುರಕ್ಷಾ ಸಂಹಿತೆಯ 172ನೇ ಕಲಂ ಹೇಳುತ್ತದೆ. ಹೆಸರು ಹೇಳಿ, ಚಿತ್ರ ತೋರಿಸಿ, ಕ್ಯಾಮೆರಾ ವಶಪಡಿಸಿಕೊಂಡರೆ ಅದಕ್ಕೆ ಬರಹದ ದಾಖಲೆಯನ್ನು ಸೌಜನ್ಯದಿಂದ, ಆದರೆ ಬಿಡದೆ ಕೇಳಬೇಕು.

ಡ್ರೋನ್ ಪ್ರಶ್ನೆ ಬೇರೆಯದೇ. 2021ರ ಡ್ರೋನ್ ನಿಯಮಗಳು ಆಕಾಶವನ್ನು ಹಸಿರು, ಹಳದಿ, ಕೆಂಪು ವಲಯಗಳಾಗಿ ವಿಂಗಡಿಸಿವೆ, ಕೆಂಪು ವಲಯದಲ್ಲಿ ಕೇಂದ್ರ ಸರ್ಕಾರದ ಅನುಮತಿಯಿಲ್ಲದೆ ಹಾರಿಸುವಂತಿಲ್ಲ. 250 ಗ್ರಾಂ ಒಳಗಿನ ಪುಟ್ಟ ಡ್ರೋನಿಗೂ ಈ ವಲಯದ ನಿಯಮ ಅನ್ವಯಿಸುತ್ತದೆ. ಅಲ್ಲಿ ಕನಿಷ್ಠಪಕ್ಷ ನಕ್ಷೆಯೊಂದಿದೆ, ನೋಡಿ ತಿಳಿಯಬಹುದು. ನೆಲದ ಮೇಲೆ ನಿಂತ ಹವ್ಯಾಸಿಗೆ ಅಂಥ ನಕ್ಷೆಯೇ ಇಲ್ಲ.

ಇಂಥ ಜೂಮ್ ಬಂದಾಗ ನೌಕಾನೆಲೆಯಷ್ಟೇ ಜನರ ಖಾಸಗಿತನದ ವಿಚಾರವೂ ಬರುತ್ತದೆ. ಓಂ ಬೀಚಿನಲ್ಲೋ ದೇವಬಾಗದಲ್ಲೋ ಸ್ನಾನ ಮಾಡುತ್ತಿರುವವರ ಕಡೆಗೆ ದೂರದಿಂದ ಇದನ್ನು ತಿರುಗಿಸುವವನನ್ನು ಪೊಲೀಸರು ತಡೆದರೆ ನಾನು ಪೊಲೀಸರ ಪರ. ಮಹಿಳೆಯ ಖಾಸಗಿ ಕ್ಷಣವನ್ನು ಸೆರೆಹಿಡಿಯುವುದು ಭಾರತೀಯ ನ್ಯಾಯ ಸಂಹಿತೆಯ 77ನೇ ಕಲಂನ ಅಪರಾಧ. ರಂಪಣಿ ಎಳೆಯುವ ಮೀನುಗಾರರ ಚಿತ್ರ ತೆಗೆಯುವಾಗಲೂ ಹತ್ತಿರ ಹೋಗಿ ಒಂದು ಮಾತು ಕೇಳುವುದು ನಮ್ಮ ಕರಾವಳಿಯ ಮರ್ಯಾದೆ.

ಬೇರೆ ದೇಶಗಳೂ ಇದೇ ತೊಡಕಿನಲ್ಲಿ ಸಿಲುಕಿದ್ದವು. ಬ್ರಿಟನ್ನಿನಲ್ಲಿ 2000ದ ಭಯೋತ್ಪಾದನಾ ಕಾಯ್ದೆಯ 44ನೇ ಕಲಂ, ಅನುಮಾನದ ಕಾರಣವಿಲ್ಲದೆಯೂ ಜನರನ್ನು ತಡೆದು ಶೋಧಿಸುವ ಅಧಿಕಾರವನ್ನು ಪೊಲೀಸರಿಗೆ ಕೊಟ್ಟಿತ್ತು. ಬೀದಿಯ ಛಾಯಾಗ್ರಾಹಕರು ಅದರ ಬಿಸಿ ಸಾಕಷ್ಟು ಉಂಡರು. 2010ರಲ್ಲಿ ಯುರೋಪಿನ ಮಾನವ ಹಕ್ಕುಗಳ ನ್ಯಾಯಾಲಯ ಆ ಅಧಿಕಾರ ಖಾಸಗಿತನದ ಹಕ್ಕನ್ನು ಉಲ್ಲಂಘಿಸುತ್ತದೆ ಎಂದು ತೀರ್ಪಿತ್ತಿತು, ಆಮೇಲೆ ಅದನ್ನು ತೆಗೆದು ಹೆಚ್ಚು ಬಿಗಿಯಾದ ಷರತ್ತುಗಳ ಬೇರೆ ಕಲಂ ತಂದರು. ನಮಗೆ ಉಪಯುಕ್ತವಾದದ್ದು ಲಂಡನ್ನಿನ ಮೆಟ್ರೊಪಾಲಿಟನ್ ಪೊಲೀಸರು ಮಾಡಿದ ಕೆಲಸ. ಸಾರ್ವಜನಿಕ ಸ್ಥಳದಲ್ಲಿ ಚಿತ್ರ ತೆಗೆಯಲು ಪರವಾನಗಿ ಬೇಕಿಲ್ಲ, ಅನುಮಾನವಿದ್ದಾಗ ಅಧಿಕಾರಿ ಚಿತ್ರಗಳನ್ನು ನೋಡಬಹುದು, ಶೋಧದ ವೇಳೆ ಅಳಿಸುವ ಅಧಿಕಾರ ಇಲ್ಲ ಎಂಬುದನ್ನೆಲ್ಲ ಸರಳ ಭಾಷೆಯಲ್ಲಿ ಬರೆದು ಎಲ್ಲರಿಗೂ ಸಿಗುವಂತೆ ಪ್ರಕಟಿಸಿದರು. ಠಾಣೆಯ ಪೇದೆಗೂ ಬೀದಿಯ ಹವ್ಯಾಸಿಗೂ ಓದಲು ಇರುವುದು ಒಂದೇ ಕಾಗದ. ನಮ್ಮ ಜಿಲ್ಲೆಗೂ ಅಂಥದೊಂದು ಕನ್ನಡದಲ್ಲಿಯೂ ಕೊಂಕಣಿಯಲ್ಲಿಯೂ ಬೇಕು. ಟಾಗೋರ್ ಕಡಲತೀರ, ಕೋಡಿಬಾಗ, ದೇವಬಾಗ, ತಿಳಮಾತಿಗಳಲ್ಲಿ ಯಾವ ದಿಕ್ಕಿಗೆ ತೆಗೆಯಬಹುದು, ದಕ್ಷಿಣದಲ್ಲಿ ಎಲ್ಲಿಂದ ನಿಷೇಧ ಶುರುವಾಗುತ್ತದೆ ಎಂದು ನಕ್ಷೆ ಸಮೇತ ಫಲಕ ಹಾಕಬೇಕು. ಹಕ್ಕಿಗಣತಿಯಂಥ ಕೆಲಸಕ್ಕೆ ಗುಂಪಾಗಿ ಹೋಗುವವರು ಮುಂಚಿತವಾಗಿ ಠಾಣೆಗೆ ತಿಳಿಸುವ ಸುಲಭ ವ್ಯವಸ್ಥೆ ಇರಬೇಕು. ಹೀಗೆ ಮಾಡಿದರೆ ಕಡಲತೀರವನ್ನು ದಿನವೂ ನೋಡುವ ಹವ್ಯಾಸಿಗಳೇ, ಅಪರಿಚಿತ ದೋಣಿಯೋ ಪೆಟ್ಟಿಗೆಯೋ ಕಂಡಾಗ ಕರಾವಳಿ ಕಾವಲು ಪೊಲೀಸರ 1093ಕ್ಕೆ ಮೊದಲು ಕರೆ ಮಾಡುವವರಾಗುತ್ತಾರೆ.

ಹಾಗಾದರೆ ಪಿ1000 ಕೊಳ್ಳಬಹುದೇ? ಹೊನ್ನಾವರದ ಶರಾವತಿ ಕಾಂಡ್ಲಾ ವನ, ಕುಮಟಾದ ಅಘನಾಶಿನಿ ಅಳಿವೆ, ಘಟ್ಟದ ಮೇಲಿನ ಶಿರಸಿಯ ಕೆರೆಗಳಲ್ಲಿ ಹಕ್ಕಿ ನೋಡುವವರಿಗೆ, ಚಂದ್ರನನ್ನು ಪ್ರೀತಿಸುವವರಿಗೆ ಖಂಡಿತ ಹೌದು. ಹೊಸದಾಗಿ ಕೊಳ್ಳುವವರು 2025ರಲ್ಲಿ ಬಂದ ಪಿ1100 ನೋಡಬಹುದು. ಲೆನ್ಸ್ ಹೆಚ್ಚುಕಡಿಮೆ ಅದೇ, ಚಾರ್ಜಿಂಗಿಗೆ ಈಗಿನ ಟೈಪ್–ಸಿ ಕಿಂಡಿ ಬಂದಿದೆ. ಕಾರವಾರದ ಆಸುಪಾಸಿನಲ್ಲಿಯೇ ಹೆಚ್ಚು ತಿರುಗಾಡುವವರಿಗೆ ಮಾತ್ರ ನನ್ನ ಆಯ್ಕೆ 2020ರ ಪಿ950. ಸುಮಾರು ಒಂದು ಕಿಲೋ ತೂಕ, 2000 ಮಿ.ಮೀ. ಜೂಮ್, ನಮ್ಮ ಕಡಲಗಾಳಿಯ ಝಳದಲ್ಲಿ ಅದಕ್ಕಿಂತ ಹೆಚ್ಚಿನ ಜೂಮ್ ನಿಜಕ್ಕೂ ಕೆಲಸಕ್ಕೆ ಬರುವ ದಿನಗಳು ಕಡಿಮೆ. ಯಾವುದನ್ನು ಕೊಂಡರೂ ಬಿಲ್ಲಿನ ಪ್ರತಿ, ಕ್ಯಾಮೆರಾದ ಸೀರಿಯಲ್ ನಂಬರು ಎರಡನ್ನೂ ಫೋನಿನಲ್ಲಿ ಇಟ್ಟುಕೊಂಡಿರಿ. ಎಂದಾದರೂ ಅದನ್ನು ವಶಪಡಿಸಿಕೊಂಡರೆ ಪಂಚನಾಮೆಯಲ್ಲಿ ಆ ನಂಬರನ್ನೂ ಕಾರ್ಡಿನ ವಿವರವನ್ನೂ ಬರೆಸಿ, ಒಂದು ಪ್ರತಿ ಕೇಳಿ ಪಡೆಯಿರಿ.